ಮನಸ್ಸು ಏಳದ ದಿನವೂ ಎದ್ದು ಬರುವ ಕ್ಲಾರಿನೆಟ್ ದುರ್ಗಪ್ಪ

ಸೊಲ್ಲಾಪುರದ ಗಿರಣಿಗಳ ಮೊದಲ ಭೋಂಗಾ ಇನ್ನೂ ಕೂಗಿಲ್ಲ. ಊರ ಹೊರಗಿನ ಕೆರೆಯ ಏರಿಯ ಮೇಲೆ ಒಬ್ಬರು ಕ್ಲಾರಿನೆಟ್ ಹಿಡಿದು ನಿಂತಿದ್ದಾರೆ. ನುಡಿಸುವುದು ಹಾಡಲ್ಲ, ಒಂದೇ ಸ್ವರ. ಉಸಿರು ಮುಗಿಯುವವರೆಗೆ ಅದನ್ನೇ ಎಳೆಯುತ್ತಾರೆ, ನಿಲ್ಲುತ್ತಾರೆ, ಮತ್ತೆ ಅದನ್ನೇ ಹಿಡಿಯುತ್ತಾರೆ. ಪಕ್ಕದ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿರುವವರು ನಾಗಣ್ಣ, ಇವರ ಬ್ಯಾಂಡಿನಲ್ಲೇ ಢೋಲು ಬಾರಿಸುವವರು.

“ಇವತ್ತ ಹೆಂಗದ?” ನಾಗಣ್ಣ ಕೇಳುತ್ತಾರೆ.

“ಭಾರ ಅದ. ಆದ್ರೂ ಊದತೀನಿ.”

ದುರ್ಗಪ್ಪನವರಿಗೆ ಈಗ ನಲವತ್ತೊಂದು. ಲಗ್ನದ ಮೆರವಣಿಗೆಯಲ್ಲಿ ಇವರ ಕ್ಲಾರಿನೆಟ್ಟಿಗೆ ಕುಣಿಯದವರು ಈ ಕಡೆ ಕಡಿಮೆ. ಕುಣಿದವರಿಗೆ ಇವರ ಹೆಸರು ಗೊತ್ತಿಲ್ಲ. ಊದುವವನ ಎದೆಯಲ್ಲಿ ಏನು ನಡೆದಿದೆ ಎಂಬುದಂತೂ ಬಹಳ ವರ್ಷ ಯಾರಿಗೂ ತಿಳಿದಿರಲಿಲ್ಲ.

ಹುಟ್ಟಿದ್ದು ಕಂದಲಗಾಂವದಲ್ಲಿ. ಅಪ್ಪ ಹಲಗೆ ಬಾರಿಸುತ್ತಿದ್ದರು. ಮಗನಿಗೆ ಒಂಬತ್ತಾಗಿದ್ದಾಗ ಅಪ್ಪ ಬಾವಿಯಲ್ಲಿ ತೀರಿಕೊಂಡರು. ಕಾಲು ಜಾರಿತು ಎಂದು ಮನೆಯವರು ಹೇಳಿದರು. ಹದಿನಾರನೆಯ ವಯಸ್ಸಿಗೆ ದುರ್ಗಪ್ಪ ಅಕ್ಕಲಕೋಟೆಗೆ ಹೋಗಿ ಸಂಸ್ಥಾನದ ಬ್ಯಾಂಡು ಸೇರಿದರು. ಗೋವೆಯ ಮಾಸ್ತರರೊಬ್ಬರು ಕಾಗದದ ಮೇಲಿನ ಸ್ವರ ಓದುವುದನ್ನು ಕಲಿಸಿದರು. ಸಂಸ್ಥಾನ ವಿಲೀನವಾದ ಮೇಲೆ ಬ್ಯಾಂಡೂ ಮುಗಿಯಿತು. ಹೆಂಡತಿ ಕಸ್ತೂರಬಾಯಿಯನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಬಂದರು. ಅವರು ಮನೆಯಲ್ಲಿ ಕೂತು ಮಗ್ಗದವರಿಗೆ ಕೊಳವೆಗೆ ನೂಲು ಸುತ್ತಿ ಕಂಡಿ ಮಾಡಿಕೊಡುತ್ತಾರೆ, ಇವರು ಸಿದ್ದರಾಮಪ್ಪನವರ ಬ್ಯಾಂಡ್ ಪಾರ್ಟಿಯಲ್ಲಿ ಕ್ಲಾರಿನೆಟ್ ಊದುತ್ತಾರೆ.

೧೯೫೩ರ ಬೇಸಗೆಯ ಒಂದು ಸಂಜೆ, ಸೊಲ್ಲಾಪುರದ ಪೇಟೆಯಲ್ಲಿ ಮೆರವಣಿಗೆ ಹೊರಟಿತ್ತು. ಹಾಡಿನ ನಡುವೆ ದುರ್ಗಪ್ಪ ಕ್ಲಾರಿನೆಟ್ ಕೆಳಗಿಳಿಸಿ ನಿಂತುಬಿಟ್ಟರು.

“ಉಸರ ಇತ್ತು, ಬೆರಳ ಇದ್ವು. ಊದಬೇಕು ಅನ್ನಾದಷ್ಟೇ ಇರ್ಲಿಲ್ಲ. ಕುಡದಾನ ಅಂತ ಮಂದಿ ನಕ್ರು. ನಾ ಒಂದ ದಿನಾನೂ ಕುಡದಾವ ಅಲ್ರಿ.”

ಮದುಮಗನ ಕಡೆಯವರು ರಂಪ ಮಾಡಿದರು. ಸಿದ್ದರಾಮಪ್ಪನವರು ಅಲ್ಲೇ ಇವರನ್ನು ಬ್ಯಾಂಡಿನಿಂದ ತೆಗೆದರು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದವರು ತಿಂಗಳುಗಟ್ಟಲೆ ಸರಿಯಾಗಿ ಏಳಲಿಲ್ಲ.

“ಏನಾಗ್ಯಾದ ಅಂತ ಎಲ್ಲಾರೂ ಕೇಳತಿದ್ರು. ಏನ್ ಹೇಳ್ಲಿ? ಮನ್ಯಾಗ ಯಾರೂ ಸತ್ತಿರ್ಲಿಲ್ಲ, ಹೊಟ್ಟಿಗಿ ಕಮ್ಮಿ ಇರ್ಲಿಲ್ಲ. ಕಾರಣ ಇದ್ದಿದ್ರ ಹೇಳತಿದ್ದೆ. ಕಾರಣ ಇಲ್ಲಂತನೇ ನಾಚಕಿ ಬರತಿತ್ತು.”

ಸಂಬಂಧಿಕರು ತಾಯಿತ ಕಟ್ಟಿಸಿದರು. ದೆವ್ವ ಬಡಿದಿದೆ, ಸರಪಳಿ ಹಾಕಿಸಿ ಎಂದೂ ಹೇಳಿದರು. ಕಸ್ತೂರಬಾಯಿ ಬಾಗಿಲಿಗೆ ಅಡ್ಡ ನಿಂತರು. ಆ ದಿನ ಆಡಿದ ಮಾತನ್ನು ಕಂಡಿ ಸುತ್ತುತ್ತಲೇ ನನಗೆ ಮತ್ತೆ ಹೇಳುತ್ತಾರೆ: “ಇವರಿಗಿ ಹುಚ್ಚ ಹಿಡದಿಲ್ಲ, ಬ್ಯಾನಿ ಬಂದದ. ಬ್ಯಾನಿ ಬಂದಾವರಿಗಿ ಸರಪಳಿ ಹಾಕತಾರೇನು, ನಡೀರಿ ಅಂದೆ.”

ಒಂದು ಮಧ್ಯಾಹ್ನ ಅವರು ನೀರು ತರಲು ಹೋದಾಗ ದುರ್ಗಪ್ಪ ಮನೆ ಬಿಟ್ಟರು. ಕಂದಲಗಾಂವದ ತನಕ ನಡೆದು, ಅಪ್ಪ ತೀರಿಕೊಂಡ ಬಾವಿಯ ಮೆಟ್ಟಿಲ ಮೇಲೆ ಕೂತರು. ಕಸ್ತೂರಬಾಯಿಗೆ ಜಾಗ ಹೊಳೆಯಿತು. ಓಡಿಹೋಗಿ ನಾಗಣ್ಣನವರಿಗೆ ಹೇಳಿದರು. ಅವರು ಸೈಕಲ್ ತುಳಿದುಕೊಂಡು ಬಂದರು, ಬುದ್ಧಿ ಹೇಳಲಿಲ್ಲ, ಪಕ್ಕದಲ್ಲಿ ಕೂತರು.

“ನಮ್ಮಪ್ಪನ ಕಾಲ ಜಾರಿರ್ಲಿಲ್ಲ, ನಾಗಣ್ಣ,” ಎಂದರು ದುರ್ಗಪ್ಪ. ಇಪ್ಪತ್ತೆಂಟು ವರ್ಷಗಳಲ್ಲಿ ಆ ಮಾತು ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

“ಗೊತ್ತದ. ನಿನ್ನ ಕಾಲರೆ ಗಟ್ಟಿ ಅವ ಇಲ್ಲೋ? ಏಳು, ಕಸ್ತೂರಕ್ಕ ಒಲಿ ಹಚ್ಚದ ಕುಂತಾಳ.”

ಮರುದಿನ ಕಸ್ತೂರಬಾಯಿ, ನಾಗಣ್ಣ ಇಬ್ಬರೂ ಅವರನ್ನು ಡಾಕ್ಟರ ಬಳಿ ಕರೆದೊಯ್ದರು. ವಯಸ್ಸಾದ ಆ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು, ಇದು ಕಾಯಿಲೆ, ನಿನ್ನ ತಪ್ಪಲ್ಲ ಎಂದರಂತೆ. ಖಚಿತವಾದ ಔಷಧ ತಮ್ಮಲ್ಲಿಲ್ಲ ಎಂದೂ ಮುಚ್ಚಿಡದೆ ಹೇಳಿದರು. ಒಬ್ಬನೇ ಇರಬೇಡ, ದಿನಾ ಒಂದು ಕೆಲಸ ಹಿಡಿ, ಭಾರವಾದಾಗ ಬಾಯಿಬಿಟ್ಟು ಹೇಳು ಎಂದರು. ಕೆರೆಯ ಏರಿಯ ಒಂದು ಸ್ವರ ಶುರುವಾದದ್ದು ಹೀಗೆ. ಮೊದಲ ವಾರ ಎರಡು ಉಸಿರಿಗೇ ಸಾಕಾಗುತ್ತಿತ್ತು. ಈಗ ದಿನಕ್ಕೆ ನಲವತ್ತು.

ವರ್ಷ ಕಳೆದ ಮೇಲೆ ಸಿದ್ದರಾಮಪ್ಪನವರ ಮುಂದೆ, ಇಡೀ ಬ್ಯಾಂಡಿನ ಎದುರಿಗೆ ಹೋಗಿ ನಿಂತರು. “ನನಗ ಈ ಬ್ಯಾನಿ ಅದರಿ. ಮತ್ತ ಬರತದ. ಬಂದ ದಿನ ಮುಚ್ಚಿಡಂಗಿಲ್ಲ. ಹಿಂದಿನ ಸಾಲಿನ್ಯಾಗ ಊದೋ ಹಣಮಂತಪ್ಪಗ ನನ್ನ ಹಾಡ ಎಲ್ಲಾ ಕಲಸತೀನಿ. ನನ್ನಿಂದ ಆಗದಾಗ ಅವ ಊದ್ಲಿ.”

ಸಿದ್ದರಾಮಪ್ಪನವರು ಮೂರು ದಿನ ಯೋಚಿಸಿ ಕರೆಕಳಿಸಿದರು. “ಚಲೋ ಇದ್ದೀನಿ ಅಂತ ಸುಳ್ಳ ಹೇಳಿದ್ರ ಬ್ಯಾಡ ಅಂತಿದ್ದೆ. ಖರೇ ಹೇಳ್ಯಾನ, ಹೆಂಗ ಬ್ಯಾಡ ಅನ್ಲಿ?” ಎನ್ನುತ್ತಾರೆ.

ಈ ವೈಶಾಖದಲ್ಲಿ ಅಕ್ಕಲಕೋಟೆಯ ಒಂದು ಮೆರವಣಿಗೆ. ನಾನೂ ಜೊತೆಗಿದ್ದೆ. ಅರ್ಧ ದಾರಿಯಲ್ಲಿ ದುರ್ಗಪ್ಪನವರ ಕೈ ನಾಗಣ್ಣನವರ ಹೆಗಲನ್ನು ತಟ್ಟಿತು. ಢೋಲು ನಿಲ್ಲಲಿಲ್ಲ. ಹಿಂದಿನ ಸಾಲಿನಿಂದ ಹಣಮಂತಪ್ಪನವರ ಕ್ಲಾರಿನೆಟ್ ಅದೇ ಹಾಡನ್ನು ಎತ್ತಿಕೊಂಡಿತು. ಕುಣಿಯುವವರಿಗೆ ಗೊತ್ತಾಗಲೇ ಇಲ್ಲ. ದುರ್ಗಪ್ಪ ಸಾಲು ಬಿಡಲಿಲ್ಲ. ಮುಖ ಬಿಳಚಿಕೊಂಡಿತ್ತು, ಕಣ್ಣು ನೆಲದ ಮೇಲಿತ್ತು, ಹೆಜ್ಜೆ ಮಾತ್ರ ತಾಳ ತಪ್ಪಲಿಲ್ಲ. ಹಂದರದ ಬಾಗಿಲಿಗೆ ಬಂದಾಗ ಕ್ಲಾರಿನೆಟ್ ತುಟಿಗಿಟ್ಟು ಕೊನೆಯ ಹಾಡನ್ನು ತಾವೇ ಊದಿದರು.

ಸುದ್ದಿ ಹಬ್ಬಿದೆ. ಹೋದ ತಿಂಗಳು ಮರವಡೆಯಿಂದ ಉಮಾಬಾಯಿ ಎಂಬ ರೈತ ಹೆಣ್ಣುಮಗಳು ಗಂಡನನ್ನು ಕರೆದುಕೊಂಡು ಬಂದಿದ್ದರು. ಹೊಲ ಮನೆ ಎಲ್ಲ ಇದೆ, ಆದರೂ ಆತ ಹಾಸಿಗೆ ಬಿಟ್ಟೇಳುವುದಿಲ್ಲ. ದುರ್ಗಪ್ಪ ಆತನನ್ನು ತಮ್ಮ ಡಾಕ್ಟರ ಬಳಿ ಕರೆದೊಯ್ದರು. ಅದಕ್ಕೂ ಮೊದಲು ಅಂಗಳದಲ್ಲಿ ಇಬ್ಬರೂ ಕೂತಿದ್ದರು.

“ಇದು ಹೋಗತದೇನ್ರಿ?” ಎಂದು ಆತ ಕೇಳಿದ.

“ನಂದು ಹೋಗಿಲ್ಲಪಾ,” ಎಂದರು ದುರ್ಗಪ್ಪ. “ಆದ್ರ ಈ ವರ್ಷ ಮೂವತ್ತೆಂಟ ಲಗ್ನ ಬಂದ್ವು. ನಾಕಕ್ಕ ಹೋಗಾಕ ಆಗ್ಲಿಲ್ಲ. ಮೂವತ್ನಾಕ ಊದೀನಿ.”