ಟೆಂಟಿನಲ್ಲಿ ಚಾಚಿ ಹೇಳಿದ ಅರ್ಥ

ಮೊನ್ನೆ ಮೊಮ್ಮಗಳು ಹಾಸನದಿಂದ ಸಣ್ಣದೊಂದು ಅತ್ತರಿನ ಸೀಸೆ ತಂದು ನನ್ನ ಮುಂಗೈಗೆ ಸವರಿದಳು. ‘ಚೆನ್ನಾಗಿದೆಯಾ ಅಜ್ಜಿ?’ ಅಂದಳು. ಮುಂಗೈಯನ್ನು ಮೂಗಿನ ಹತ್ತಿರ ತಂದುಕೊಂಡೆ. ಅದು ಚಾಚಿಯ ಸೆರಗಿನ ವಾಸನೆ...

ಐವತ್ತರ ದಶಕದ ಕೊನೆ. ಹೊಳೆನರಸೀಪುರದಲ್ಲಿ ಚಾಚಿ ನಮ್ಮ ಪಕ್ಕದ ಸಾಬರ ಮನೆಯವರು, ಉರ್ದು ಬಲ್ಲವರು. ಮನೆಯಲ್ಲೇ ಮಿಷನ್ನು ಇಟ್ಟುಕೊಂಡು ಕೇರಿಯವರ ರವಿಕೆ ಹೊಲಿಯುತ್ತಿದ್ದರು. ಹೊಲಿಗೆ ಕಲಿಯುವ ನೆಪದಲ್ಲಿ ನಾನು ಹಗಲೆಲ್ಲ ಅಲ್ಲೇ. ಟೆಂಟಿಗೆ ಹಿಂದಿ ಸಿನಿಮಾ ಬಂದರಂತೂ ಚಾಚಿ ಇಲ್ಲದೆ ಹೆಂಗಸರ ಕಡೆ ಆಟವೇ ಇಲ್ಲ. ಮರಳಿನ ಮೇಲೆ ನಮ್ಮ ನಡುವೆ ಕೂತು, ತೆರೆಯ ಮೇಲಿನವರು ಆಡಿದ್ದನ್ನೆಲ್ಲ ಅವರು ಕನ್ನಡದಲ್ಲಿ ಹೇಳಬೇಕು, ನಾವು ಕೇಳಿ ಅಳಬೇಕು. ತಡಿಕೆಯಾಚೆಯ ಗಂಡಸರೂ ಕೆಮ್ಮು ನುಂಗಿಕೊಂಡು ಕಿವಿಗೊಡುತ್ತಿದ್ದರು.

ಆ ವರ್ಷ ನನಗೆ ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರರ ಮನೆಯ ಗಂಡು ಗೊತ್ತಾಗಿತ್ತು. ನನ್ನ ಮನಸ್ಸು ನಮ್ಮೂರ ಶಾಲೆಯ ಮೇಷ್ಟ್ರೊಬ್ಬರ ಮೇಲೆ. ಅವರು ನಮ್ಮ ಜನವಲ್ಲ. ಇದು ಗೊತ್ತಿದ್ದದ್ದು ಚಾಚಿಗೆ ಮಾತ್ರ. ಅವ್ವನಿಗೆ ನನ್ನ ಸಪ್ಪೆ ಮೋರೆ ಸಾಕಾಗಿತ್ತು. ‘ನಿಮ್ ಮಾತು ಕೇಳ್ತಾಳೆ ಕಣ್ ಚಾಚಿ, ಎಂಗಾರ ಮಾಡಿ ಒಪ್ಸಿ’ ಎಂದು ಅವರ ಕೈ ಹಿಡಿದು ಅತ್ತಿದ್ದಳು. ಪಾಪ, ಚಾಚಿ ಎರಡು ಕಡೆಗೂ ಸಿಕ್ಕಿಬಿದ್ದರು.

ಅಷ್ಟರಲ್ಲಿ ಆ ಸಿನಿಮಾ ಬಂತು. ಅರಬರ ದೇಶದ ಹಳೆಯ ಪ್ರೇಮಕತೆ. ಒಂಟೆ ಕಾಯುವ ಹುಡುಗ, ಡೇರೆಯೊಳಗಿನ ಹುಡುಗಿ, ಆಡುವ ಮಾತೆಲ್ಲ ಪದ್ಯವೇ. ಚಾಚಿ ಮೈಮರೆತು ಹೇಳುತ್ತಿದ್ದರು. ಹುಡುಗಿಯ ಅಪ್ಪ ಇನ್ನೊಬ್ಬನಿಗೆ ಕೊಡಲು ನಿಂತು ಮಗಳನ್ನು ಏನೋ ಕೇಳಿದ. ಹುಡುಗಿ ತಲೆಯೆತ್ತಿ ಒಂದೇ ಮಾತು ಆಡಿದಳು. ಚಾಚಿ ಸುಮ್ಮನಾದರು.

‘ಏನಂದ್ಲು ಚಾಚಿ?’ ಕೇಳಿದವಳು ಅವ್ವನೇ.

ಚಾಚಿ ನನ್ನ ಕಡೆ ನೋಡಿದರು. ‘ಊಂ ಅಂದ್ಲು ಕಣವ್ವ. ಅಪ್ಪ ಯೋಳ್ದಂಗೇ ಆಗ್ಲಿ ಅಂದ್ಲು.’

ನನಗೆ ಭಾಷೆ ಬಾರದಿದ್ದರೇನು, ಕಣ್ಣಿರಲಿಲ್ಲವೇ? ಊಂ ಅಂದ ಮಗಳ ಕೆನ್ನೆಗೆ ಅಪ್ಪ ಯಾಕೆ ಬಾರಿಸಿದ? ಅವ್ವನೂ ನೋಡಿದಳು, ಕೇಳಲಿಲ್ಲ. ಕತ್ತಲಲ್ಲಿ ಚಾಚಿ ನನ್ನ ಕೈ ಹುಡುಕಿ ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ಕಿತ್ತುಕೊಂಡೆ. ಮದುವೆಯ ರವಿಕೆ ಹೊಲಿದು ತಂದಾಗಲೂ ಮಾತಾಡಿಸಲಿಲ್ಲ. ‘ನಾನೇನ್ ಮಾಡ್ಲಿ ಮಗಾ...’ ಎಂದಷ್ಟೇ ಹೇಳಿ ಹೊರಟುಹೋದರು.

ಮರುವರ್ಷ ಅದೇ ಸಿನಿಮಾ ಅರಕಲಗೂಡಿನ ಟೆಂಟಿಗೂ ಬಂತು. ಅರ್ಥ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ‘ನೀನ್ ನೋಡಿದ್ದೀಯಲ್ಲವ್ವ, ನೀನೇ ಯೋಳು’ ಎಂದರು ಅತ್ತೆ. ನನ್ನ ಪಕ್ಕದಲ್ಲಿ ನಾದಿನಿ. ಅವಳಿಗೂ ಗಂಡು ಗೊತ್ತಾಗಿತ್ತು, ಅವಳೂ ಅನ್ನ ಬಿಟ್ಟು ಕೂತಿದ್ದಳು. ಅದೇ ಜಾಗ ಬಂತು. ಹುಡುಗಿ ತಲೆಯೆತ್ತಿದಳು.

‘ಏನಂತೆ?’ ಅತ್ತೆ ಕೇಳಿದರು. ನಾದಿನಿ ನನ್ನನ್ನೇ ನೋಡುತ್ತಿದ್ದಳು.

‘ಊಂ ಅಂದ್ಲು’ ಎಂದೆ. ಬೇರೆ ಏನು ಹೇಳಲು ಸಾಧ್ಯವಿತ್ತು? ಕತ್ತಲಲ್ಲಿ ಅವಳ ಕೈ ಹುಡುಕಿದೆ. ಅವಳು ಎಳೆದುಕೊಂಡಳು.

ಬಾಣಂತನಕ್ಕೆ ತವರಿಗೆ ಹೋದಾಗ ಇದನ್ನೆಲ್ಲ ಹೇಳಿ ಚಾಚಿಯ ಮಡಿಲಲ್ಲಿ ಅತ್ತುಬಿಡಬೇಕು ಎಂದುಕೊಂಡಿದ್ದೆ. ಅವರ ಮನೆಗೆ ಬೀಗ ಬಿದ್ದಿತ್ತು. ‘ಓದ್ ತಿಂಗ್ಳೇ ತೀರ್ಕಂಡ್ರು ಕಣವ್ವ’ ಎಂದಳು ಅವ್ವ. ಮಿಷನ್ನು ಯಾರು ಒಯ್ದರೋ...

ಮೊಮ್ಮಗಳು ಇನ್ನೊಮ್ಮೆ ಕೇಳಿದಳು, ಚೆನ್ನಾಗಿದೆಯಾ ಅಂತ.

ಊಂ ಅಂದೆ.