ಎಲ್ಲಿದೆ, ತೋರಿಸು

ಮೂರನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಅಡ್ಡಹೆಸರು ‘ಎಲ್ಲಿದೆ ತೋರಿಸು’. ಕಥೆ ಓದಿ ಯಾರು ಏನೇ ಊಹಿಸಿದರೂ ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ಬಾಯಿಗೆ ಬಂದದ್ದು ಹೇಳಿದರೆ ಇಡೀ ಬೀದಿಗೆ ಕೇಳುವಂತೆ ಬೈಯುತ್ತಿದ್ದರು. ಮೊದಲೆಲ್ಲ ಕಥೆಯನ್ನು ತಾವೇ ಓದಿ ಹೇಳುತ್ತಿದ್ದರು. ಈ ವರ್ಷ ಮಾತ್ರ, ಗಂಟಲು ಕಟ್ಟಿದೆಯೆಂದು ಮಕ್ಕಳಿಂದಲೇ ಓದಿಸುತ್ತಿದ್ದರು.

ಆ ದಿನ ಮುಂದಿನ ಬೆಂಚಿನ ಹುಡುಗಿ ಓದಿದಳು: “ಅಜ್ಜ ಪೇಪರ್ ಬಿಡಿಸಿದರು. ಕನ್ನಡಕ ಒರೆಸಿದರು. ಮತ್ತೊಮ್ಮೆ ಒರೆಸಿದರು. ‘ಇವತ್ತು ಸುದ್ದಿಯೇ ಇಲ್ಲ’ ಎಂದು ಮಡಚಿಟ್ಟರು.”

“ಅಜ್ಜ ಪೇಪರ್ ಯಾಕೆ ಮಡಚಿಟ್ರು?” ಎಂದು ಟೀಚರ್ ಕೇಳಿದರು.

“ಸುದ್ದಿ ಇರ್ಲಿಲ್ಲ!” ಎಂದು ತರಗತಿಯೆಲ್ಲ ಒಂದೇ ಉಸಿರಿಗೆ ಕೂಗಿತು.

“ಅಲ್ಲ, ಅವರಿಗೆ ಅಕ್ಷರ ಕಾಣಿಸ್ತಿಲ್ಲ,” ಎಂದಳು ಹುಡುಗಿ. ಎಲ್ಲಿದೆ ಎಂದು ಕೇಳುವ ಮೊದಲೇ ಅವಳ ಬೆರಳು ಕನ್ನಡಕದ ಸಾಲಿನ ಮೇಲಿತ್ತು.

ಟೀಚರಿಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. “ಕಾಣಿಸಲ್ಲ ಅಂತ ಹೇಳಬಹುದಿತ್ತಲ್ಲ? ಸುಳ್ಳು ಯಾಕೆ?”

“ದೊಡ್ಡವರು ಹೇಳ್ಕೊಳ್ಳಲ್ಲ ಟೀಚರ್. ನೀವೂ ಓದೋಕೆ ಗಂಟಲು ಕಟ್ಟಿದೆ ಅಂತೀರ. ಬೈಯೋವಾಗ ಚೆನ್ನಾಗೇ ಇರುತ್ತೆ.”

ಗದರಲು ಟೀಚರ್ ಬಾಯಿ ತೆರೆದರು. ಗದರಿದರೆ ಅದೂ ಆಧಾರವಾಗಿಬಿಡುತ್ತದೆಂದು ಹೊಳೆದು ಮುಚ್ಚಿಕೊಂಡರು. ಪುಸ್ತಕ ಹಿಡಿದ ಅವರ ಕೈ ಮುಂದಕ್ಕೆ ಚಾಚಿಕೊಂಡಿತ್ತು. ಇನ್ನೂ ದೂರ ಹಿಡಿಯೋಣವೆಂದರೆ ಕೈಯ ಉದ್ದ ಸಾಲುತ್ತಿರಲಿಲ್ಲ.

ಹುಡುಗಿ ಆ ಕೈಯತ್ತ ಬೆರಳೆತ್ತಿದಳು.

“ತೋರಿಸಬೇಡ,” ಎಂದರು ಟೀಚರ್.