ಕಪಿಕೇರ್ ಕಂಪನಿಯೂ ನನ್ನ ಹಲಸಿನ ಹಪ್ಪಳವೂ

ತಾರಸಿ ಹತ್ತಿ ನೋಡುತ್ತೇನೆ, ಹಪ್ಪಳ ಒಣಗಿಸಿದ್ದ ಚಾಪೆಯ ಸುತ್ತ ಮಂಗಗಳು ಪಂಕ್ತಿ ಊಟಕ್ಕೆ ಕೂತ ಹಾಗೆ ಕೂತಿವೆ.

ಒಂದೊಂದರ ಕೈಯಲ್ಲೂ ನನ್ನ ಹಲಸಿನ ಹಪ್ಪಳ. ಮರಿ ಹೊತ್ತ ಒಂದು ತಾಯಿಯಂತೂ ಹಪ್ಪಳವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಂಚು ದಪ್ಪವಾಯಿತು ಎನ್ನುವ ಮುಖ ಮಾಡಿ, ಅದನ್ನು ಬಿಸಾಕಿ ಇನ್ನೊಂದು ಎತ್ತಿಕೊಂಡಿತು. ನಮ್ಮತ್ತೆ ಕೂಡ ಇಷ್ಟು ಕೊಂಕು ತೆಗೆದವರಲ್ಲ.

"ಹಚಾ" ಎಂದೆ. ಒಂದೂ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಕೆಳಗಡೆ ಸ್ಟೀಲ್ ತಟ್ಟೆ ಬಡಿಯುವ ಸದ್ದು, ಜೊತೆಗೆ ನಾಯಿ ಬೊಗಳುವ ಸದ್ದು. ಬಗ್ಗಿ ನೋಡಿದರೆ ಪಕ್ಕದ ಮನೆ ಸರೋಜಕ್ಕನ ಚಿಕ್ಕು ಮರದ ಕೆಳಗೆ ನನ್ನ ಮಗಳು ಅನಘಾ ಮತ್ತು ಅವಳ ಕ್ಲಾಸ್‌ಮೇಟ್ ಸುಹೇಲ್. ಮರದಿಂದ ಇನ್ನೂ ನಾಲ್ಕಾರು ಮಂಗ ನಮ್ಮ ತಾರಸಿಗೆ ಜಿಗಿದವು.

ಸರೋಜಕ್ಕ ಹಾನಗಲ್ ಕಡೆಯವರು. ಕೆಳಗಿನಿಂದಲೇ ನನಗೆ ಕೈ ಮುಗಿದರು. "ನಿಮ್ಮ ಹುಡುಗಿ ಭಾಳ ಶಾಣ್ಯಾಕಿ ನೋಡ್ರಿ. ನಮ್ಮ ಹಿತ್ತಲದಾಗ ಒಂದು ಮಂಗ್ಯಾ ಉಳದಿಲ್ಲ."

ಉಳಿಯೋದು ಹೇಗೆ... ಎಲ್ಲವೂ ಇಲ್ಲಿವೆಯಲ್ಲ.

ವಿಷಯ ಇಷ್ಟು. ಬೇಸಿಗೆ ರಜೆಯಲ್ಲಿ ಶಿರಸಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಉದ್ಯಮಿಯಾಗುವುದು ಹೇಗೆ ಎಂದು ಒಂದು ಶಿಬಿರ ನಡೆಯಿತು. ಪ್ರತಿ ಟೀಮ್ ನಿಜವಾಗಿ ಒಂದು ಬಿಸಿನೆಸ್ ಶುರು ಮಾಡಬೇಕು. ಕಡೆಯ ದಿನ ಖುಷಿಯಾದ ಒಬ್ಬ ಕಸ್ಟಮರ್‌ನ ಕರೆತಂದು ಸ್ಟೇಜ್ ಮೇಲೆ ಅದರ ಕಥೆ ಹೇಳಬೇಕು.

ಉಳಿದ ಮಕ್ಕಳು ಜ್ಯೂಸು, ಉಪ್ಪಿನಕಾಯಿ ಎಂದು ಹೊರಟರೆ ನಮ್ಮವಳು ನಮ್ಮೂರು ಇಸಳೂರಿನವರಿಗೆಲ್ಲ ಇರುವ ತೊಂದರೆ ಯಾವುದು ಎಂದು ಯೋಚನೆ ಮಾಡಿದಳಂತೆ. ಎಲ್ಲ ಹೊಸ ಮನೆಗಳು, ಬೆಳಿಗ್ಗೆ ಎಲ್ಲರೂ ಬೈಕು ಬಸ್ಸು ಹತ್ತಿ ಹೋದರೆ ಹಿತ್ತಲು ಮಂಗಗಳ ಪಾಲು.

ಹೀಗೆ ಹುಟ್ಟಿದ್ದು ಕಪಿಕೇರ್, ಪ್ಯಾಕೇಜ್ ತೆಗೆದುಕೊಂಡ ಮನೆಯಿಂದ ಮಂಗ ಓಡಿಸುವ ಕಂಪನಿ. ಅನಘಾ ಸಿಇಒ. ಸುಹೇಲ್ ಟೆಕ್ನಾಲಜಿ ಹೆಡ್, ಯಾಕೆಂದರೆ ನಾಯಿ ಬೊಗಳುವ ಬ್ಲೂಟೂತ್ ಸ್ಪೀಕರ್ ಅವನದು.

ನಾನೂ ಉಬ್ಬಿಹೋಗಿ ಇಲ್ಲೇ ನನ್ನ ಪೇಜಿನಲ್ಲಿ ಇಬ್ಬರ ಫೋಟೊ ಹಾಕಿದ್ದೆ. ನೀವೆಲ್ಲ ಹಾರ್ಟ್ ಒತ್ತಿದ್ದಿರಿ. ಓಡಿಸಿದ ಮಂಗ ಎಲ್ಲಿಗೆ ಹೋಗುತ್ತದೆ ಎಂದು ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ.

ಮೇಲೆ ಬಂದ ಸಿಇಒ ಖಾಲಿ ಚಾಪೆ ನೋಡಿದಳು. ಆಮೇಲೆ ಹೇಳುತ್ತಾಳೆ, "ಆಯಿ, ನಮ್ಮನೆದು ಪ್ಯಾಕೇಜೇ ಇಲ್ಲೆ ಅಲ್ದಾ."

ನನಗೆ ಮೈಯೆಲ್ಲ ಉರಿದುಹೋಯಿತು. ಹಲಸಿನಕಾಯಿ ಬಿಡಿಸಿ, ಬೇಯಿಸಿ, ಕುಟ್ಟಿ, ಒತ್ತಿ, ಸೊಂಟ ಬಿದ್ದುಹೋಗಿತ್ತು. ವರ್ಷದ ಹಪ್ಪಳ ಅದು.

"ಕಂಪನಿ ಇವತ್ತೇ ಬಾಗಿಲು ಹಾಕವು, ಗೊತ್ತಾತನೆ?" ಎಂದು ಗದರಿದೆ.

ನಮ್ಮವರು ಪೇಪರ್‌ನಿಂದ ತಲೆ ಎತ್ತದೇ ಒಗ್ಗರಣೆ ಹಾಕಿದರು. "ಇದು ಮಂಗ ಓಡ್ಸ ಕಂಪನಿ ಅಲ್ದೇ, ಮಂಗ ಸಾಗ್ಸ ಕಂಪನಿ."

ಅನಘಾ ನಗಲಿಲ್ಲ. ಕಣ್ಣಲ್ಲಿ ನೀರು. "ಶುಕ್ರವಾರ ಒಂದಿನ ಬಿಡೇ ಆಯಿ. ಸ್ಟೇಜ್ ಮೇಲೆ ಹೇಳಿ ಮುಗಿಸ್ತೆ. ಆಮೇಲೆ ಬಂದ್ ಮಾಡ್ತೆ."

ಶಿಬಿರಕ್ಕೆ ಸೇರಿದ ದಿನದಿಂದ ಕನ್ನಡಿ ಮುಂದೆ ಅದೇ ಭಾಷಣ ಹೇಳಿಕೊಳ್ಳುತ್ತಿದ್ದಳು. ಬಿಟ್ಟೆ.

ಶುಕ್ರವಾರ ಹಾಲ್ ತುಂಬ ಜನ. ಖುಷಿಯಾದ ಕಸ್ಟಮರ್ ಸರೋಜಕ್ಕ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ. ಹಪ್ಪಳ ಕಳೆದುಕೊಂಡ ನಾನು ಹಿಂದಿನ ಸಾಲಿನಲ್ಲಿ.

ಅನಘಾ ಚೆನ್ನಾಗಿ ಮಾತಾಡಿದಳು. ಸುಹೇಲ್ ನಾಯಿ ಬೊಗಳಿಸಿ ತೋರಿಸಿದ. ಸರೋಜಕ್ಕ ಎದ್ದು ಒಂದು ಬುಟ್ಟಿ ಚಿಕ್ಕು ಎತ್ತಿ ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಅತಿಥಿಯಾಗಿ ಬಂದಿದ್ದ ಯಲ್ಲಾಪುರದ ಹೋಟೆಲ್ ಮಾಲೀಕರೊಬ್ಬರು ಮೈಕ್ ತೆಗೆದುಕೊಂಡರು. "ಎಲ್ಲ ಸರಿ ತಂಗಿ. ಓಡಿಸಿದ ಮಂಗ ಎಲ್ಲಿಗೆ ಹೋಗ್ತವೆ?"

ಅನಘಾ ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿ ನೋಡಿದಳು.

ಆಗ ನನಗೆ ಏನಾಯಿತೋ ಗೊತ್ತಿಲ್ಲ. ಕಾಡಿಗೆ ಹೋಗ್ತವೆ ಅಂತ ಹೇಳಿಬಿಡೇ ಮಾರಾಯ್ತಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳು ಹೇಳಬೇಡ ಎಂದು ಹುಟ್ಟಿದಾಗಿನಿಂದ ಅವಳ ಕಿವಿ ಹಿಂಡಿದವಳು ನಾನೇ.

"ನಮ್ಮನೆ ತಾರಸಿಗೆ ಹೋಗ್ತವೆ ಸರ್" ಎಂದಳು. "ನಮ್ಮ ಆಯಿ ಮಾಡಿದ ಹಪ್ಪಳ ಅಷ್ಟೂ ತಿಂದ್ವು. ನಮ್ಮ ಸರ್ವಿಸ್‌ನಿಂದ ಪ್ರಾಬ್ಲೆಮ್ ಹೋಗಲ್ಲ, ಪಕ್ಕದ ಮನೆಗೆ ಶಿಫ್ಟ್ ಆಗ್ತದೆ. ಅದಕ್ಕೇ ಇವತ್ತಿಗೆ ಬಂದ್ ಮಾಡ್ತಿದ್ದೇವೆ."

ಇಡೀ ಹಾಲ್ ನಕ್ಕಿತು. ಹೋಟೆಲ್ ಮಾಲೀಕರು ಕಣ್ಣೊರೆಸಿಕೊಂಡು ನಕ್ಕರು. ನಾನೂ ಕಣ್ಣೊರೆಸಿಕೊಂಡೆ, ಆದರೆ ನಗುತ್ತಿರಲಿಲ್ಲ. ಈ ಕೂಸು ನನ್ನ ಮಗಳು ಎಂದು ಪಕ್ಕದಲ್ಲಿ ಕೂತ ಪರಿಚಯವಿಲ್ಲದ ಹೆಂಗಸಿಗೆ ಎರಡು ಸಲ ಹೇಳಿದೆ.

ಪ್ರೈಜ್ ಸಿದ್ದಾಪುರದ ಹುಡುಗಿಯರ ಮುರುಗಲು ಹಣ್ಣಿನ ಶರಬತ್ತಿಗೆ ಹೋಯಿತು. ಶರಬತ್ತು ಚೆನ್ನಾಗಿಯೇ ಇತ್ತು, ನಾನೂ ಎರಡು ಗ್ಲಾಸ್ ಕುಡಿದೆ.

ಭಾನುವಾರ ಬೆಳಿಗ್ಗೆ ಸಿಇಒ ಮತ್ತು ಟೆಕ್ನಾಲಜಿ ಹೆಡ್ ಒಂದು ದೊಡ್ಡ ಹಲಸಿನಕಾಯಿ ಹೊತ್ತುಕೊಂಡು ಅಡುಗೆಮನೆಗೆ ಬಂದರು. ಕಂಪನಿಯಿಂದ ಆದ ನಷ್ಟ ಕಂಪನಿಯೇ ತುಂಬಿಕೊಡುತ್ತದಂತೆ. ಹಪ್ಪಳ ಅವರೇ ಮಾಡುತ್ತಾರಂತೆ.

ನಿಜ ಹೇಳುತ್ತೇನೆ, ಮನಸ್ಸು ಕರಗಿಹೋಯಿತು. ಕೈಗೆಲ್ಲ ಮೇಣ ಮೆತ್ತಿಕೊಂಡು ಇಬ್ಬರೂ ಕಾಯಿ ಬಿಡಿಸಿದರು, ಬೆಂದ ತೊಳೆ ಕುಟ್ಟಿದರು. ನಾನು ಹಿಟ್ಟಿಗೆ ಉಪ್ಪು ಖಾರ ಹಾಕಿ ಹದ ಮಾಡಿ ಕೊಟ್ಟು, ತಾರಸಿಯಲ್ಲಿ ಚಾಪೆ ಹಾಸಿ ಬರೋಣ ಎಂದು ಮೇಲೆ ಹೋದೆ. ಒಂದೂ ಮಂಗ ಇರಲಿಲ್ಲ.

ಕೆಳಗೆ ಬಂದು ನೋಡುತ್ತೇನೆ, ಒತ್ತಿದ ಹಪ್ಪಳ ಬೆರಳೆಣಿಕೆಯಷ್ಟು. ಹಿಟ್ಟಿನ ಪಾತ್ರೆಯ ತಳ ಕಾಣುತ್ತಿದೆ. ಪಕ್ಕದಲ್ಲಿ ಹಸಿ ಹಿಟ್ಟಿಗೆ ಕಲಸಿ ತಿನ್ನಲು ತೆಂಗಿನೆಣ್ಣೆಯ ಗಿಂಡಿ, ಹೆರೆದ ತೆಂಗಿನಕಾಯಿ, ಇಬ್ಬರ ತುಟಿಯ ಸುತ್ತಲೂ ಎಣ್ಣೆ.

"ಆಂಟಿ, ಇನ್ನೊಂಚೂರು ಹಿಟ್ಟು ಕಲಸ್ತೀರಾ?" ಎಂದ ಸುಹೇಲ್.

ಮಂಗಗಳೇ ವಾಸಿ... ಅವಾದರೂ ಹಪ್ಪಳ ಒಣಗುವ ತನಕ ಕಾದಿದ್ದವು.